ನಾಲ್ಕನೆಯ ಗುಂಪಿನ ಚರ್ಚೆ

ಯಾರೂ ಓದಲಿಕ್ಕಿಲ್ಲ. ಇಂಥ ಕಾಗದಗಳನ್ನು ಯಾರು ಓದುತ್ತಾರೆ? ಗೋಡೆಗೆ ಚುಚ್ಚಿದ ಮರುಗಳಿಗೆಯಿಂದ ಅದು ಗೋಡೆಯೇ ಆಗಿಬಿಡುತ್ತದೆ. ಬಂದವರು ಬಣ್ಣ ನೋಡುತ್ತಾರೆ, ಮಾದರಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಚಹಾಕ್ಕೆ ಎದ್ದು ಹೋಗುತ್ತಾರೆ. ಆದರೂ ಒಬ್ಬರು ಓದಿದರೆ? ಓದಿದರೂ ಏನು, ಅದರಲ್ಲಿರುವುದು ಇಬ್ಬರು ಮಕ್ಕಳು ಒಂದು ಊರಿನ ಬಗ್ಗೆ ಆಡಿದ ಹದಿನಾಲ್ಕು ಸಾಲು ಮಾತು, ಅಷ್ಟೇ. ಆಡಿದ್ದಲ್ಲ. ಆಡಿದ್ದಲ್ಲ ಎಂಬುದೇ ಪೆನಾಯಾನನ್ನು ಬೆಳಗಿನಿಂದ ಕೊರೆಯುತ್ತಿತ್ತು. ಅವನು ಕೈಯಲ್ಲಿ ಕೊನೆಯ ಗುಂಡುಸೂಜಿ ಹಿಡಿದು ಎಂಟನೆಯ ತರಗತಿಯ ಗೋಡೆಯ ಮುಂದೆ ನಿಂತಿದ್ದ. ಮೂರು ಮೂಲೆಗೆ ಚುಚ್ಚಿಯಾಗಿತ್ತು. ನಾಲ್ಕನೆಯದನ್ನು ಚುಚ್ಚದೆ ಬಿಟ್ಟರೆ ಕಿಟಕಿಯಿಂದ ಬರುವ ಕಡಲಗಾಳಿಗೆ ಕಾಗದ ಮಡಚಿಕೊಂಡು ಒಳಮುಖವಾಗಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಅಷ್ಟು ಸಣ್ಣ ಉಪಾಯಕ್ಕೆ ಇಳಿದೆನಲ್ಲ ಎಂದು ನಾಚಿಕೆಯಾಗಿ, ನಾಲ್ಕನೆಯದನ್ನೂ ಹೆಬ್ಬೆರಳಿನಿಂದ ಒತ್ತಿದ.

ಹಿಂದೆ ಐದು ಮೇಜುಗಳ ಮೇಲೆ ಐದು ಊರುಗಳಿದ್ದವು. ರಟ್ಟಿನ ಗುಡ್ಡ, ತೆಂಗಿನ ನಾರಿನ ಕಾಡು, ಬೆಂಕಿಪೊಟ್ಟಣದ ಮನೆ, ಬಿಸ್ಕತ್ತಿನ ಬೇಗಡೆಕಾಗದದ ಸೌರಫಲಕ, ಪಪ್ಪಾಯಿ ಎಲೆಯ ದಂಟಿನ ನೀರುಕೊಳವೆ. ಎಲ್ಲಕ್ಕೂ ಮರಗೆಣಸಿನ ಹಿಟ್ಟಿನ ಅಂಟು. ಕೋಣೆಯೆಲ್ಲ ಹುಳಿಹುಳಿ ವಾಸನೆ. ನವುನಿವಿ ಊರಿನ ನಡುಬಯಲಿಗೆ ದೊಡ್ಡ ಉಬ್ಬರದ ದಿನಗಳಲ್ಲಿ ಈಗ ಕಡಲು ಬರುತ್ತದೆ, ಚರ್ಚಿನ ಮೆಟ್ಟಿಲವರೆಗೂ ಬಂದು ಒಂದೆರಡು ಏಡಿ ಬಿಟ್ಟುಹೋಗುತ್ತದೆ. ಊರನ್ನು ಹಿಂದಿನ ಗುಡ್ಡಕ್ಕೆ ಸಾಗಿಸುವ ಮಾತು ಹಿರಿಯರಲ್ಲಿ ಆರು ವರ್ಷದಿಂದ ನಡೆದಿತ್ತು. ಹಾಗಾಗಿ, ಮಕ್ಕಳೇ ಸೇರಿ ಕೆಡದೆ ಬಾಳುವ ಒಂದು ಊರನ್ನು ರೂಪಿಸಲಿ, ಗಣಿತ ವಿಜ್ಞಾನ ಸಮಾಜ ಚಿತ್ರ ಭಾಷೆ ಎಲ್ಲವನ್ನೂ ಅದೊಂದರಲ್ಲೇ ಕಲಿಯಲಿ ಎಂಬ ಯೋಜನೆ ಬಂದಾಗ ಈ ಶಾಲೆಗೆ ಅದು ಹೇಳಿ ಮಾಡಿಸಿದಂತಿತ್ತು. ಮಕ್ಕಳು ಹಗ್ಗ ಹಿಡಿದು ಗುಡ್ಡ ಅಳೆದರು, ಬುಗ್ಗೆಯ ನೀರಿಗೆ ಬಾಲ್ದಿಯಿಟ್ಟು ನಿಮಿಷಕ್ಕೆಷ್ಟು ಎಂದು ಲೆಕ್ಕಹಾಕಿದರು, ಅಜ್ಜಿಯರನ್ನು ಕೇಳಿ ಯಾವ ಗಾಳಿ ಯಾವ ತಿಂಗಳು ಎಂದು ಬರೆದುಕೊಂಡರು. ಹದಿನೇಳು ವರ್ಷದ ಮೇಷ್ಟರಗಿರಿಯಲ್ಲಿ ಪೆನಾಯಾ ಮಕ್ಕಳು ಹೀಗೆ ಕಲಿಯುವುದನ್ನು ನೋಡಿರಲಿಲ್ಲ. ಅದು ನಿಜ. ಕಾಗದ ಸುಳ್ಳಾದರೂ ಅದು ನಿಜ.

ಆರಂಭದ ದಿನ ಬ್ರಿಸ್ಬೇನಿನಿಂದ ಮಿಸ್ ರೊವೆನಾ ಬಂದಿದ್ದರು, ಈ ಯೋಜನೆಯ ಸಲಹೆಗಾರ್ತಿ, ಬಿಸಿಲಿಗೆ ಮೂಗಿನ ತುದಿ ಸುಲಿದ ಹೆಂಗಸು, ಎಲ್ಲರ ಹೆಸರನ್ನೂ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುವಂಥವರು. ಗುಂಪುಗಳನ್ನು ಚೀಟಿ ಎತ್ತಿ ಮಾಡಬೇಕು, ಗೆಳೆಯರು ಗೆಳೆಯರೇ ಸೇರಿಕೊಳ್ಳಬಾರದು ಎಂದು ಅವರೇ ಪೆನಾಯಾನ ಗರಿಟೋಪಿಯೊಳಗೆ ಕೈಹಾಕಿ ಹೆಸರು ಎತ್ತಿದರು. ನಾಲ್ಕನೆಯ ಗುಂಪಿಗೆ ಮೊದಲು ಉನೈಸಿ ಬಂದಳು. ಆಮೇಲೆ ಎಪಿನೇರಿ. ಉನೈಸಿಯ ಅಪ್ಪನೂ ಎಪಿನೇರಿಯ ಅಪ್ಪನೂ ಒಡಹುಟ್ಟಿದವರು, ಒಂದೇ ಅಂಗಳದ ಎರಡು ಮನೆ. ಚಿಕ್ಕಪ್ಪನ ಮಗನೆಂದರೆ ಅಣ್ಣನೇ. ಮತ್ತು ಈ ಕಡೆಯ ಊರುಗಳಲ್ಲಿ ಹತ್ತು ಹನ್ನೊಂದು ವಯಸ್ಸು ದಾಟಿದ ಅಣ್ಣ ತಂಗಿ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ. ಜಗಳವಲ್ಲ ಅದು, ಗೌರವ. ಎದುರಿಗೆ ಬಂದರೆ ದಾರಿ ಬಿಡುತ್ತಾರೆ, ಅವಳಿದ್ದ ಕಡೆ ಅವನು ಹೊಲಸು ಮಾತು ಕೇಳಿಸಿಕೊಂಡೂ ಕೂರುವುದಿಲ್ಲ, ಅವನ ಹೆಸರನ್ನು ಅವಳು ಎತ್ತುವುದಿಲ್ಲ. ಚೀಟಿ ಓದಿದಾಗ ಇಬ್ಬರೂ ನೆಲ ನೋಡಿದರು. "ಎಲ್ಲಾ ಸರಿಯಾಗಿದೆ ತಾನೆ?" ಎಂದು ಮಿಸ್ ರೊವೆನಾ ನಗುತ್ತ ಅವನತ್ತ ತಿರುಗಿದರು. ಆ ಚೀಟಿ ವಾಪಸು ಟೋಪಿಗೆ ಹಾಕಿ ಎಂದು ಹೇಳಲು ಎಷ್ಟು ಮಾತು ಬೇಕಿತ್ತು? ಆದರೆ ಹೇಳಿದರೆ ಯಾಕೆ ಎಂದು ಅವರು ಕೇಳುತ್ತಿದ್ದರು; ಕೇಳಿದರೆ ವಿವರಿಸಬೇಕಿತ್ತು; ವಿವರಿಸಿದರೆ ಅವರು ತಲೆಯನ್ನು ಒಂದು ಬದಿಗೆ ವಾಲಿಸಿ, ಓ, ಎಷ್ಟು ಚೆನ್ನಾಗಿದೆ, ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ವಾಲಿದ ತಲೆಯನ್ನು ನೋಡಲಾರದೆ ಪೆನಾಯಾ, "ಸರಿಯಾಗಿದೆ" ಅಂದ.

ಅವರಿಬ್ಬರೂ ಕೆಲಸ ಮಾಡಿದ ರೀತಿಯನ್ನು ಐದು ವಾರ ಅವನು ಕಣ್ಣಂಚಿನಲ್ಲೇ ನೋಡಿದ. ಉನೈಸಿ ಮನೆಗಳ ಸಾಲು ಬರೆದು, ಪೆನ್ಸಿಲನ್ನು ಎಲ್ಲಿ ಅನುಮಾನವಿದೆಯೋ ಅಲ್ಲಿ ಇಟ್ಟು ಎದ್ದುಹೋಗುತ್ತಿದ್ದಳು. ಅವಳು ಕೈತೊಳೆಯುವ ನಲ್ಲಿಯ ಹತ್ತಿರ ಹೋದ ಮೇಲೆ ಎಪಿನೇರಿ ಬಂದು, ಪೆನ್ಸಿಲಿದ್ದ ಜಾಗ ನೋಡಿ, ಅಳತೆ ತಿದ್ದಿ, ಪೆನ್ಸಿಲನ್ನು ಮತ್ತೊಂದು ಜಾಗದಲ್ಲಿಟ್ಟು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದ. ಉಳಿದ ಮೂವರು ಹುಡುಗರು ಮಧ್ಯೆ ಗಲಾಟೆ ಮಾಡಿಕೊಂಡು ಅಂಟು ಕಲಸುತ್ತಿದ್ದರು. ಕಕ್ಕಸುಗುಂಡಿಗಳ ಗುರುತನ್ನು ಅವಳಿಲ್ಲದ ದಿನ ಅವನು ಹಾಕಿದ್ದ, ಅವಳು ಮರುದಿನ ಬಂದು ಏನನ್ನೂ ನೋಡದವಳ ಹಾಗೆ ಅದರ ಸುತ್ತ ಒಂದು ಸಾಲು ಬಾಳೆ ನೆಟ್ಟಿದ್ದಳು, ಹಸಿರು ಕಾಗದದ್ದು. ಐದು ಊರುಗಳಲ್ಲಿ ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂಬುದು ತಪ್ಪಿಲ್ಲದೆ ಕೂತಿದ್ದು ಅದೊಂದರಲ್ಲೇ. ನೋಡುತ್ತ ನೋಡುತ್ತ ಪೆನಾಯಾನಿಗೆ ತನ್ನ ಅಕ್ಕ ಮೆರೆವಾಲೆಸಿ ನೆನಪಾಗುತ್ತಿದ್ದಳು. ಅವನು ಗದ್ದೆಯಿಂದ ಬರುವ ಹೊತ್ತಿಗೆ ಮುಚ್ಚಿಟ್ಟ ತಟ್ಟೆ ಇರುತ್ತಿತ್ತು, ಅವಳಿರುತ್ತಿರಲಿಲ್ಲ. ಮೀನಿನ ನಡುಭಾಗ ಯಾವಾಗಲೂ ಅವನಿಗೆ. ಅಪ್ಪ ಸತ್ತಾಗ ರಾಜಧಾನಿ ಸುವಾದಿಂದ ಅವಳು ಫೋನು ಮಾಡಿದ್ದಳು. ಈ ಕಡೆ ಅವನೇ ಎತ್ತಿದ. ಆ ಕಡೆ ಉಸಿರು ಕೇಳಿಸಿತು, ಅವಳದೇ ಉಸಿರು, ಎಷ್ಟೋ ಹೊತ್ತು. ಆಮೇಲೆ ಭಾವನ ದನಿ. ಅವಳ ಬಾಯಿಂದ ಅವನು ಜೀವಮಾನದಲ್ಲಿ ಇಷ್ಟು ಹತ್ತಿರದಿಂದ ಕೇಳಿಸಿಕೊಂಡದ್ದು ಆ ಉಸಿರೊಂದನ್ನೇ. ಈಗ ಸುವಾದಲ್ಲಿ ಅವಳ ಮಕ್ಕಳು ಅಣ್ಣತಂಗಿ ಒಂದೇ ಟ್ಯಾಕ್ಸಿಯಲ್ಲಿ ಕೂತು ಕಿತ್ತಾಡುತ್ತಾರಂತೆ. ಅದೂ ಸರಿಯೇ ಇರಬಹುದು.

ಎಲ್ಲ ಹಾಳಾದದ್ದು ಯೋಜನೆಯವರು ಕೊಟ್ಟ ಆ ನಮೂನೆಹಾಳೆಯಿಂದ. ಪ್ರತಿ ಗುಂಪಿನವರೂ ತಮ್ಮ ಚರ್ಚೆಯ ದಾಖಲೆ ಕೊಡಬೇಕು, ಯಾರು ಏನೆಂದರು, ಒಪ್ಪಿದ್ದೆಷ್ಟು, ಒಪ್ಪದ್ದೆಷ್ಟು. ನೂರಕ್ಕೆ ಇಪ್ಪತ್ತು ಅಂಕ ಅದಕ್ಕೆ. ನಾಲ್ಕನೆಯ ಗುಂಪಿನ ಹಾಳೆ ಖಾಲಿ ಬಂತು. ಖಾಲಿ ಹಾಳೆಗೆ ಸೊನ್ನೆ ಹಾಕಬೇಕು, ಸೊನ್ನೆ ಹಾಕಿದರೆ ಕೊಲ್ಲಿಯಾಚೆಯ ವಸತಿಶಾಲೆಗೆ ಹೆಸರು ಹೋಗಬೇಕಾದ ಇಬ್ಬರೂ ಕೆಳಗಿಳಿಯುತ್ತಾರೆ. ಅವರು ಪೆನ್ಸಿಲಿಟ್ಟು ಎದ್ದುಹೋಗುವುದನ್ನೇ ಬರೆದುಬಿಡೋಣ ಎಂದು ಒಂದು ಶನಿವಾರ ಮಧ್ಯಾಹ್ನ ಕೂತ. ಎರಡು ಸಾಲು ಬರೆದ. ಓದಿದಾಗ ಅದು ಮಿಸ್ ರೊವೆನಾರಿಗೆಂದೇ ಬರೆದ ಹಾಗೆ, ಮನೆಯೊಳಗಿನ ಯಾವುದೋ ಬಟ್ಟೆಯನ್ನು ಬೀದಿಯಲ್ಲಿ ಬಿಡಿಸಿ ತೋರಿಸಿದ ಹಾಗೆ ಕಂಡಿತು. ಹರಿದ. ಆಮೇಲೆ ಬಲು ಸಲೀಸಾಗಿ, ತನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ, ಮಕ್ಕಳ ಅಕ್ಷರದಲ್ಲಿ ಮಾತು ಬಂತು. ಎಪಿನೇರಿ: ಮನೆಗಳನ್ನು ಗುಡ್ಡದ ಓರೆಗೆ ಅಡ್ಡ ಕಟ್ಟಿದರೆ ಹೇಗೆ? ಉನೈಸಿ: ನೀನು ಹೇಳುವುದು ಸರಿ, ಆದರೆ ಬಚ್ಚಲ ನೀರು ಎಲ್ಲಿ ಹೋಗಬೇಕು? ಎಪಿನೇರಿ: ಕಕ್ಕಸುಗುಂಡಿಗಳನ್ನು ಬುಗ್ಗೆಗಿಂತ ಕೆಳಗಿಡೋಣ, ಗೊಬ್ಬರವಾಗುತ್ತದೆ. ಹೀಗೆ ಹದಿನಾಲ್ಕು ಸಾಲು. ಬರೆಯುವಾಗ ಒಂಥರಾ ಸುಖವೂ ಆಯಿತು ಎಂಬುದನ್ನು ಅವನು ಆಮೇಲೆ ಒಪ್ಪಿಕೊಳ್ಳಬೇಕಾಯಿತು. ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದ ಯಾವುದೋ ಬಾಯಿ ಬಿಚ್ಚಿದಂತೆ. ಫೋಟೋ ತೆಗೆದು ಮಿಸ್ ರೊವೆನಾರಿಗೆ ಕಳಿಸಿದ. ಇಷ್ಟು ಜೀವಂತವಾದ ಚರ್ಚೆ ಇನ್ನಾವ ಶಾಲೆಯಿಂದಲೂ ಬಂದಿಲ್ಲ ಎಂದು ಅವತ್ತೇ ಉತ್ತರ ಬಂತು. ಇನ್ನು ಹಾಳೆಯನ್ನು ಬಚ್ಚಿಡುವ ಹಾಗೂ ಇರಲಿಲ್ಲ.

"ಮೇಷ್ಟ್ರೇ."

ಬಾಗಿಲಲ್ಲಿ ಎಪಿನೇರಿ ನಿಂತಿದ್ದ, ಇಸ್ತ್ರಿ ಮಾಡಿದ ಶಾಲೆಯ ಸುಲು ಪಂಚೆ ಉಟ್ಟುಕೊಂಡು, ಕೂದಲಿಗೆ ಎಣ್ಣೆ ಹಚ್ಚಿಕೊಂಡು. ಕೈಯಲ್ಲಿ ಒಂದು ಬೆಂಕಿಪೊಟ್ಟಣ. "ಚರ್ಚಿನ ಪಕ್ಕದ್ದು ಬಿದ್ದೋಗಿತ್ತು. ಹೊಸದು ಮಾಡ್ಕೊಂಡ್ ಬಂದೆ." ಅವನು ಮೇಜಿನ ಹತ್ತಿರ ಬಂದು ಮನೆ ಕೂರಿಸಿದ. ಕೂರಿಸಿ ತಲೆಯೆತ್ತಿದಾಗ ಕಣ್ಣಿಗೆ ಗೋಡೆಯೇ ಬಿತ್ತು. ಪೆನಾಯಾ ಅವನ ತುಟಿಗಳನ್ನೇ ನೋಡಿದ. ಓದುವಾಗ ತುಟಿ ಆಡಿಸುವ ಅಭ್ಯಾಸ ಅವನಿಗೆ. ಮೂರನೆಯ ಸಾಲಿಗೆ ತುಟಿ ನಿಂತಿತು.

"ಇದು ನನ್ ಅಕ್ಷರ ಅಲ್ಲ ಮೇಷ್ಟ್ರೇ."

"ಗೊತ್ತು ಕಣೋ. ಅದು ಆಫೀಸಿನೋರಿಗೆ. ಸುಮ್ನೆ ಒಂದು ಕಾಗದ."

"ಅವ್ರು ಇದನ್ನ ನೋಡಿದ್ರಾ?" ಅವರು ಎಂದರೆ ಉನೈಸಿ, ಅವಳನ್ನು ಅವನು ಬೇರೆ ಹೇಗೆ ಕರೆದಾನು.

"ಇಲ್ಲ. ಯಾರೂ ಓದಲ್ಲ, ನೀನ್ ತಲೆ ಕೆಡಿಸ್ಕೋಬೇಡ."

"ಆಯ್ತು ಮೇಷ್ಟ್ರೇ," ಅಂದ ಹುಡುಗ. ಹಾಗೆ ಅನ್ನದೆ ಒಂದು ಸಲ ಎದುರು ಮಾತಾಡಿದ್ದರೆ, ಹೋಗಿ ಹರಿದುಹಾಕಿದ್ದರೆ, ಎಂದು ಪೆನಾಯಾ ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡ. ಹುಡುಗ ಹೊರಗೆ ಹೋಗಿ ಮಾವಿನ ಮರದ ಕೆಳಗೆ ನಿಂತ.

ಹತ್ತು ಗಂಟೆಗೆ ಊರಿನವರು ಪ್ರದರ್ಶನ ನೋಡಲು ಬಂದು ಚಾಪೆಗಳ ಮೇಲೆ ಕೂತರು. ಮುಂದೆ ಹಿರಿಯರು, ಹಿಂದೆ ಹೆಂಗಸರು, ಮಕ್ಕಳು ಗೋಡೆಗೆ ಒರಗಿ. ಮತ್ತೆ ಬಂದಿದ್ದ ಅತಿಥಿಗೆ ಯಂಗೋನ ಬೇರಿನ ಪಾನೀಯ ಕಲಸಿ ಕೊಡುವ ಶಾಸ್ತ್ರ ಮುಗಿಯಿತು; ಮಿಸ್ ರೊವೆನಾ ಚಿಪ್ಪನ್ನು ಒಂದೇ ಗುಟುಕಿಗೆ ಬರಿದು ಮಾಡಿ, ಕೈ ಬೋಗುಣಿಯಾಗಿಸಿ ಮೂರು ಸಲ ತಟ್ಟಿ, ಎಲ್ಲರ ಮೆಚ್ಚುಗೆ ಗಳಿಸಿದರು. ಮುದುಕ ಸೈರುಸಿ ತನ್ನ ಚಿಪ್ಪು ಕೆಳಗಿಟ್ಟವನೇ ಪೆನಾಯಾನತ್ತ ಗಲ್ಲ ಎತ್ತಿದ. ಪೆನಾಯಾನ ದ್ವೀಪದವರಿಗೂ ಈ ಊರಿನವರಿಗೂ ಮೂಲದೈವ ಒಂದೇ ಆದ್ದರಿಂದ ಪರಸ್ಪರ ಎಷ್ಟು ಬೇಕಾದರೂ ಬೈದಾಡಬಹುದಿತ್ತು, ಯಾರೂ ಬೇಸರಪಡುವಂತಿರಲಿಲ್ಲ. ಹದಿನೇಳು ವರ್ಷದಲ್ಲಿ ಪೆನಾಯಾ ಈ ಊರಿನಲ್ಲಿ ಗಂಭೀರವಾಗಿ ಆಡಿದ ಮಾತೂ ಹಾಸ್ಯದ ಲೆಕ್ಕಕ್ಕೇ ಹೋಗಿತ್ತು.

"ಏನೋ ಏಡಿಗಳ್ಳ, ನಮ್ ಊರನ್ನ ರಟ್ಟಲ್ಲಿ ಕಟ್ಟಿಟ್ಟಿದ್ದೀಯಲ್ಲ, ನಾನ್ ಇದ್ರಲ್ಲಿ ಯಾವ್ ಪೊಟ್ಟಣದೊಳಗೆ ಮಲಗ್ಲಿ?"

"ನಿಮ್ ಹೊಟ್ಟೆಗೆ ಪೊಟ್ಟಣ ಸಾಲಲ್ಲ ತಾತ, ಬಿಸ್ಕತ್ ಡಬ್ಬನೇ ಬೇಕು."

"ಕೇಳಿದ್ರಾ! ಇವನ ಊರಲ್ಲಿ ಬಿಸ್ಕತ್ತು ನೋಡಿದ್ದೇ ನಮ್ಮೋರು ಹೋಗಿ ಕೊಟ್ಟ್ಮೇಲೆ."

ಹೆಂಗಸರು ಬಿದ್ದುಬಿದ್ದು ನಕ್ಕರು. ಉನೈಸಿಯ ಅಪ್ಪ ಕೆಲೆಪಿಯೂ ನಕ್ಕ. ಹೆಚ್ಚು ಮಾತಿಲ್ಲದ, ದೋಣಿ ಕೆತ್ತಿ ಕೆತ್ತಿ ಬೆರಳು ಸೊಟ್ಟಗಾದ ಮನುಷ್ಯ. ತಮ್ಮ ತೀರಿಕೊಂಡ ಮೇಲೆ ಎಪಿನೇರಿಯನ್ನು ಅವನೇ ಸಾಕಿದ್ದ. ಮೊದಲ ಮೂರು ಗುಂಪು ಸಾಂಗವಾಗಿ ಮುಗಿಯಿತು. ನಗುವಿನ ನಡುವೆ ಪೆನಾಯಾನಿಗೆ ಇದು ಹೀಗೆಯೇ ದಾಟಿಹೋಗುತ್ತದೆ ಎನ್ನಿಸಿತು, ಮಧ್ಯಾಹ್ನದ ಊಟದ ವಾಸನೆ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಸೊಪ್ಪಿನದು, ಹಿತವಾಗಿ ಮೂಗಿಗೆ ಬಂತು.

ನಾಲ್ಕನೆಯ ಗುಂಪು ಎದ್ದಿತು. ಅಂಟು ಕಲಸಿದ ಹುಡುಗರಲ್ಲಿ ದೊಡ್ಡವನು ಒಂದೇ ಉಸಿರಿಗೆ ವಿವರ ಒಪ್ಪಿಸಿದ. ಉನೈಸಿ ಮೇಜಿನ ಆ ತುದಿಗೆ, ಎಪಿನೇರಿ ಈ ತುದಿಗೆ. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಮಿಸ್ ರೊವೆನಾ ಎದ್ದು ಗೋಡೆಯ ಬಳಿ ಹೋದರು. ಹೋಗುವುದನ್ನು ಪೆನಾಯಾ ನೋಡಿದ. ನಾಲ್ಕು ಸೂಜಿ ಒಂದೊಂದಾಗಿ ಕಿತ್ತದ್ದನ್ನೂ ನೋಡಿದ.

"ನನಗೆ ಈ ಊರಿಗಿಂತ ಇದು ಇಷ್ಟ," ಎಂದರು ಅವರು, ಹಾಳೆ ಎತ್ತಿ ತೋರಿಸುತ್ತ. "ಈ ಇಬ್ಬರು ಎಷ್ಟು ಚೆನ್ನಾಗಿ ಮಾತಾಡಿಕೊಂಡಿದ್ದಾರೆ ಅಂದ್ರೆ! ಅವರ ಬಾಯಲ್ಲೇ ಕೇಳೋಣ. ಉನೈಸಿ, ಎಪಿನೇರಿ, ಬನ್ನಿ. ನಿಮ್ಮ ನಿಮ್ಮ ಮಾತು ನೀವೇ ಓದಿ, ನಾಟಕದ ಹಾಗೆ. ಹತ್ತಿರ ನಿಲ್ಲಿ, ಎದುರುಬದುರಾಗಿ."

ಅವರ ಇಂಗ್ಲಿಷು ಅರ್ಥವಾದವರಿಗೆ ಆಯಿತು, ಆಗದವರಿಗೆ ಪಕ್ಕದವರು ಪಿಸುಗುಟ್ಟಿದರು. ಆ ಪಿಸುಮಾತು ಚಾಪೆಯಿಂದ ಚಾಪೆಗೆ ಹರಿದು ಹಿಂದಿನ ಗೋಡೆ ಮುಟ್ಟಿ ನಿಂತಿತು. ಉನೈಸಿಯ ಕೈಗೆ ಹಾಳೆ ಬಂತು. ಅವಳು ಓದಿದಳು, ಮನಸ್ಸಿನಲ್ಲೇ. ಓದುತ್ತ ಅವಳ ಕುತ್ತಿಗೆ ಕಪ್ಪಗಾಗುತ್ತ ಹೋಯಿತು. ಎಪಿನೇರಿ ಮುಖವನ್ನು ಪೂರ್ತಿ ಕಿಟಕಿಗೆ ತಿರುಗಿಸಿಬಿಟ್ಟಿದ್ದ. ಮಿಸ್ ರೊವೆನಾ ಧೈರ್ಯ ತುಂಬಲು ತಾವೇ ಚಪ್ಪಾಳೆ ತಟ್ಟಿದರು. ಒಬ್ಬರದೇ ಚಪ್ಪಾಳೆ ಆ ಕೋಣೆಯಲ್ಲಿ ಏನೋ ಒದ್ದೆಯಾದದ್ದು ಬಿದ್ದಂತೆ ಸದ್ದಾಯಿತು. ಕೆಲೆಪಿ ಎದ್ದ. ಕೂತವರ ತಲೆಗಿಂತ ಎತ್ತರವಾಗದಂತೆ ಬಗ್ಗಿಕೊಂಡೇ ನಡೆದು ಬಂದು ಮಗಳ ಕೈಯಿಂದ ಹಾಳೆ ತೆಗೆದುಕೊಂಡ. ಬೆರಳಿಟ್ಟು ಓದಿದ. ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನು ಪೆನಾಯಾ ನೋಡುತ್ತಿದ್ದ. ಅವನಿಗೆ ಎಲ್ಲ ಸಾಲೂ ಬಾಯಿಪಾಠ ಬರುತ್ತಿತ್ತು, ಯಾವ ಸಾಲಿನಲ್ಲಿ ಕಕ್ಕಸಿನ ಮಾತಿದೆ, ಯಾವ ಸಾಲಿನಲ್ಲಿ ತಂಗಿ ಅಣ್ಣನಿಗೆ ನಿನಗೇನು ಗೊತ್ತು ಅನ್ನುತ್ತಾಳೆ. ಅದೊಂದನ್ನು ಅವನು ತಮಾಷೆಗೆಂದು ಹಾಕಿದ್ದ.

"ಇದನ್ನ ನೀವಿಬ್ರೂ ಮಾತಾಡಿದ್ರಾ?" ಕೆಲೆಪಿಯ ದನಿ ಮೆತ್ತಗಿತ್ತು.

ಉನೈಸಿ ತಲೆಯೆತ್ತಲಿಲ್ಲ. ಮಕ್ಕಳ ಅಕ್ಷರದ ಹಾಗೆ ತಿರುಚಿ ಬರೆದಿದ್ದರೂ ಅವಳಿಗೆ ಅಕ್ಷರ ಗುರುತು ಸಿಕ್ಕಿತ್ತು. ಎಂಟು ವರ್ಷದಿಂದ ಅವಳ ಪುಸ್ತಕಗಳ ಅಂಚಿನಲ್ಲಿ ಆ ಕೈ ಬರೆದದ್ದನ್ನು ಅವಳು ನೋಡಿದ್ದಳು. ಆದರೆ ಹೊರಗಿನವರ ಮುಂದೆ, ಇಡೀ ಊರಿನ ಮುಂದೆ, ಮೇಷ್ಟರ ಕಡೆ ಬೆರಳು ತೋರಿಸುವ ಹುಡುಗಿ ಈ ಊರಿನಲ್ಲಿ ಹುಟ್ಟಿರಲಿಲ್ಲ.

"ಕೇಳಿದ್ದು ಕೇಳಿಸ್ತಾ?" ಕೆಲೆಪಿ ಮತ್ತೆ ಕೇಳಿದ.

"ನಾನ್ ಮಾತಾಡ್ದೆ ದೊಡ್ಡಪ್ಪ," ಅಂದ ಎಪಿನೇರಿ, ಕಿಟಕಿಗೇ. "ಅವ್ರು ಬಾಯಿ ಬಿಡ್ಲಿಲ್ಲ. ಅವ್ರ ಹೆಸ್ರಿನ ಮುಂದೆ ಇರೋದನ್ನೂ ನಾನೇ ಸೇರಿಸ್ಬಿಟ್ಟೆ."

ಹಿಂದೆ ಯಾರೋ ಮುದುಕಿ ನಾಲಿಗೆ ಲೊಚಗುಟ್ಟಿದಳು. ಪೆನಾಯಾ ಎದ್ದು ನಿಂತ. ಕಿವಿಯಲ್ಲಿ ಕಡಲಿನ ಸದ್ದು, ಆದರೆ ಕಡಲು ಅವತ್ತು ಇಳಿತದಲ್ಲಿತ್ತು. "ಅದು... ಕೆಲೆಪಿ, ಒಂದ್ನಿಮಿಷ, ಅದು ಏನಂದ್ರೆ..." ಎಂದ. ಕೋಣೆಯಲ್ಲಿದ್ದ ಅಷ್ಟೂ ಮುಖ ಅವನ ಕಡೆ ತಿರುಗಿದವು, ಬಿಗಿದುಕೊಂಡ ಮುಖಗಳು, ಯಾರಾದರೂ ಈ ಬಿಗಿಯನ್ನು ಬಿಚ್ಚಲಿ ಎಂದು ಕಾಯುತ್ತಿದ್ದ ಮುಖಗಳು. ಸೈರುಸಿ ಅದನ್ನೇ ಮಾಡಿದ.

"ಏ ಕೂತ್ಕೊಳೋ ಏಡಿಗಳ್ಳ! ಇವನ ಊರಲ್ಲಿ ಏಡಿಗೂ ಏಡಿಯ ತಂಗಿಗೂ ಮಾತು ನಡೆಯುತ್ತೆ, ಇವನಿಗೇನ್ ಗೊತ್ತಾಗ್ಬೇಕು!"

ನಗು ಒಡೆಯಿತು. ಅಗತ್ಯಕ್ಕಿಂತ ಹೆಚ್ಚು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು, ಮಕ್ಕಳೂ ಸೇರಿಕೊಂಡರು. ಆ ನಗುವಿನೊಳಗೆ ಪೆನಾಯಾನ ಬಾಯಿ ಅರ್ಧ ತೆರೆದೇ ಇತ್ತು, ಬಾಯಿಗೆ ಬಂದ ವಾಕ್ಯದ ಮುಂದಿನ ಪದ ಯಾವುದೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು, ನಗು ನಿಂತ ಮೇಲೆ ಹೇಳಬಹುದಿತ್ತು. ಅವನೂ ನಕ್ಕ. ನಕ್ಕು, ಕೂತ. ಕೂತಾಗ ಮೈಯೆಲ್ಲ ಹಗುರಾದದ್ದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಏನಾಯ್ತು?" ಮಿಸ್ ರೊವೆನಾ ಅವನ ಕಿವಿಯ ಹತ್ತಿರ ಬಗ್ಗಿ ಕೇಳಿದರು. "ನಾನು ಏನಾದರೂ ತಪ್ಪು ಮಾಡಿದೆನಾ?"

"ಇಲ್ಲ, ಇಲ್ಲ. ಮಕ್ಕಳು ನಾಚಿಕೊಂಡಿದಾರೆ," ಅಂದ.

ಅವರು ತಲೆಯನ್ನು ಒಂದು ಬದಿಗೆ ವಾಲಿಸಿ ಮುಗುಳ್ನಕ್ಕರು. ಐದನೆಯ ಗುಂಪು ಎದ್ದಿತು. ಊಟದ ಹೊತ್ತಿಗೆ ಎಪಿನೇರಿ ಕಾಣಲಿಲ್ಲ. ಉನೈಸಿ ಹೆಂಗಸರ ಜೊತೆ ತಟ್ಟೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

ಸೋಮವಾರ ಎಪಿನೇರಿಯ ಬೆಂಚು ಖಾಲಿ ಇತ್ತು. ತಾಯಿಯ ಊರಿಗೆ ದೋಣಿಯಲ್ಲಿ ಕಳಿಸಿದರಂತೆ, ನದಿಯ ಮೇಲುಗಡೆ, ಹತ್ತಿರದಲ್ಲಿ ಎಂಟನೆಯ ತರಗತಿಯಿಲ್ಲದ ಕಡೆ; ಒಂದೇ ಅಂಗಳದಲ್ಲಿ ಆ ಹುಡುಗಿಯ ಕಣ್ಣೆದುರು ಅವನು ಈಗ ಹೇಗಿರುತ್ತಾನೆ ಎಂದು ಮಕ್ಕಳೇ ದೊಡ್ಡವರ ಮಾತನ್ನು ಒಪ್ಪಿಸಿದರು. ಉನೈಸಿ ಬಂದಿದ್ದಳು. ಲೆಕ್ಕ ಕೊಟ್ಟರೆ ಮಾಡಿದಳು. ಪುಸ್ತಕ ತಿದ್ದಲು ಕೊಡುವಾಗ ಎರಡೂ ಕೈಯಲ್ಲಿ ಹಿಡಿದು, ಕಣ್ಣು ತಗ್ಗಿಸಿ, ಯಾವಾಗಿನ ಹಾಗೆಯೇ ಕೊಟ್ಟಳು, ಅದರಲ್ಲಿ ಒಂದು ಕೂದಲೆಳೆಯಷ್ಟಾದರೂ ಸಿಟ್ಟು ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಆ ಸಂಜೆ ಮೇಷ್ಟರ ಮನೆಯ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಕೆಲೆಪಿ, ಅವನ ಹಿಂದೆ ಇಬ್ಬರು ಹಿರಿಯರು, ಸೈರುಸಿಯೂ. ಸೈರುಸಿಯ ಮುಖದಲ್ಲಿ ತಮಾಷೆ ಇರಲಿಲ್ಲ. ನಾಲ್ವರೂ ಬಾಗಿಲಿಗೆ ಹತ್ತಿರ, ಕೆಳಗಿನ ಜಾಗದಲ್ಲೇ ಕೂತರು. ಮೇಲೆ ಬನ್ನಿ ಎಂದರೂ ಬರಲಿಲ್ಲ. ಕೆಲೆಪಿ ಕಾಗದ ಸುತ್ತಿದ ಯಂಗೋನ ಬೇರಿನ ಕಟ್ಟನ್ನು ಮುಂದಿಟ್ಟುಕೊಂಡು ಎರಡೂ ಕೈಯನ್ನು ಅದರ ಮೇಲಿಟ್ಟ. ತಪ್ಪೊಪ್ಪಿಗೆಗೆ ಬಂದಿದ್ದಾರೆ ಎಂದು ಆಗ ಪೆನಾಯಾನಿಗೆ ಹೊಳೆಯಿತು. ತನ್ನ ಬಳಿಗೆ, ತನ್ನಿಂದ ಕ್ಷಮೆ ಕೇಳಲು.

"ಮೇಷ್ಟ್ರೇ, ಹುಡುಗ ನಿಮ್ ಕೋಣೇಲಿ, ನಿಮ್ ಎದುರಿಗೆ ತಪ್ ನಡ್ಕೊಂಡ. ಸುಳ್ ಕಾಗದ ಬರ್ದು ನಿಮ್ ಹೆಸ್ರನ್ನ ಆ ಅಮ್ಮನ ಮುಂದೆ ಕೆಡಿಸ್ದ. ತಂದೆ ಇಲ್ದ ಹುಡುಗ ಅಂತ ನಾನೇ ಸಲಿಗೆ ಕೊಟ್ಟೆ. ಇದು ಬಡ ಬೇರು, ಚಿಕ್ಕ ಕಟ್ಟು. ನಿಮ್ ಮನಸ್ಸಲ್ಲಿರೋ ನೋವನ್ನ ಇದ್ರಡಿ ಹೂತ್ಬಿಡಿ."

ಮಾತು ಮುಗಿಸಿ ಅವನು ತಲೆ ತಗ್ಗಿಸಿದ. ದೋಣಿಯ ಸಿಬಿರು ಚುಚ್ಚಿ ಹಳೆಯದಾದ ಕಪ್ಪು ಗುರುತು ಅವನ ಹೆಬ್ಬೆರಳಲ್ಲಿತ್ತು. ಹೊರಗೆ ಉಬ್ಬರ ಏರುತ್ತಿತ್ತು. ಬಯಲಿನ ಹುಲ್ಲಿನೊಳಗೆ ನೀರು ತಡಕಾಡುವ ಸದ್ದು. ಈ ಕಟ್ಟನ್ನು ಮುಟ್ಟದಿದ್ದರೆ ಕ್ಷಮಿಸಲಿಲ್ಲವೆಂದಾಗುತ್ತದೆ, ಆ ಹುಡುಗ ಇನ್ನೆಂದೂ ಊರಿಗೆ ಬರಲಾರ. ಮುಟ್ಟಿದರೆ ತಪ್ಪು ಅವನದೆಂದು ಕಲ್ಲಿನ ಮೇಲೆ ಕೆತ್ತಿದಂತೆ. ಇವೆರಡರ ಮಧ್ಯೆ ಮೂರನೆಯ ದಾರಿಯೊಂದಿತ್ತು, ಅದು ಅವನ ಹಲ್ಲಿನ ಹಿಂದೆಯೇ ಇತ್ತು. ಸೈರುಸಿ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದ. ಮುದುಕನಿಗೆ ಗೊತ್ತಿರಬಹುದೇ, ಅವತ್ತು ಗೊತ್ತಿದ್ದೇ ತಮಾಷೆ ಮಾಡಿ ಕೂರಿಸಿದನೇ ಎಂದು ಪೆನಾಯಾನಿಗೆ ಮೊದಲ ಬಾರಿಗೆ ಅನುಮಾನವಾಯಿತು. ಆದರೆ ಮುದುಕ ಮತ್ತೆ ಚಾಪೆ ನೋಡತೊಡಗಿದ.

ಪೆನಾಯಾ ಕೈ ಚಾಚಿ ಕಟ್ಟನ್ನು ಮುಟ್ಟಿದ. ಕೈ ಬೋಗುಣಿಯಾಗಿಸಿ ಮೂರು ಸಲ ತಟ್ಟಿದ. ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತುಗಳನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದ, ಅವು ತಡೆಯಿಲ್ಲದೆ ಬಂದವು: ಕಟ್ಟನ್ನು ಮುಟ್ಟಿದ್ದೇನೆ, ನೋವು ಹೂತಾಯಿತು, ಮಗು ಬೆಳೆಯಲಿ, ಎರಡು ಮನೆಗಳ ನಡುವಿನ ದಾರಿ ಹಸನಾಗಿರಲಿ. ನಾಲ್ವರೂ ಕೈ ತಟ್ಟಿದರು. ಕೆಲೆಪಿಯ ಕಣ್ಣಲ್ಲಿ ನೀರಿತ್ತು, ಕೃತಜ್ಞತೆಯದು. ಆ ಹದಿನಾಲ್ಕು ಸಾಲನ್ನು ಬರೆದವನು ತಾನು, ಆ ಮಕ್ಕಳು ಐದು ವಾರದಲ್ಲಿ ಒಬ್ಬರೊಡನೊಬ್ಬರು ಒಂದು ಮಾತನ್ನೂ ಆಡಿರಲಿಲ್ಲ ಎಂದು ಪೆನಾಯಾ ಅವರಿಗೆ ಹೇಳಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.